ಚೆಂಗಲರಾಯ ರೆಡ್ಡಿಯವರ ಕಡತಗಳು

ಸಾರ್ವಜನಿಕ ಜೀವನದಲ್ಲಿ ಬಾಳಿ ಹೋದವರನ್ನು ನಮ್ಮ ನಾಡು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಸ್ಮರಿಸುತ್ತದೆ. ಒಂದು, ರಸ್ತೆಗಳು ಕೂಡುವಲ್ಲಿ ನಿಲ್ಲಿಸುವ ಪ್ರತಿಮೆ. ಇನ್ನೊಂದು, ಜಯಂತಿಯ ದಿನದ ಭಾಷಣ. ಆ ವ್ಯಕ್ತಿ ಹಾಕಿದ ಸಹಿ, ಒಪ್ಪಿದ ಷರತ್ತು, ತಿರಸ್ಕರಿಸಿದ ಸಲಹೆ, ಬಿಟ್ಟುಕೊಟ್ಟ ಪದವಿ ಇವುಗಳನ್ನು ದಾಖಲೆಗಳಲ್ಲಿ ಓದಿ ತೂಗುವ ಮೂರನೆಯ ಮಾರ್ಗವೊಂದಿದೆ. ಅಂಗಡಿಯ ಪೆಟ್ಟಿಗೆಯ ಮುಂದೆ ಕುಳಿತವರಿಗೆ ಈ ಮಾರ್ಗ ಹೊಸದಲ್ಲ. ಮನುಷ್ಯನ ಮಾತಿಗಿಂತ ಅವನ ಕಿರ್ದಿ ಪುಸ್ತಕವನ್ನು ನೋಡಿ ಸಾಲ ಕೊಡುವುದು ಅವರ ಕುಲಾಚಾರ. ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾದ ಶ್ರೀ ಕೆ. ಚೆಂಗಲರಾಯ ರೆಡ್ಡಿಯವರ ವಿಷಯದಲ್ಲಿ ಈ ಮಾರ್ಗವೇ ಹೆಚ್ಚು ನ್ಯಾಯವಾದುದು. ಏಕೆಂದರೆ ಅವರ ಬಗ್ಗೆ ಜನ ಹೇಳುವ ಕಥೆಗಳು ಕಡಿಮೆ. ಅವರು ಬಿಟ್ಟುಹೋದ ಕಾಗದದ ಜಾಡು ಮಾತ್ರ ಬೆಂಗಳೂರು, ಮೈಸೂರು, ದೆಹಲಿ, ಭೋಪಾಲಗಳವರೆಗೆ ಹಬ್ಬಿದೆ.

ಅವರ ಹೆಸರಿನ ಮೊದಲ ಅಕ್ಷರ ಊರಿನದು. ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದು ಈಗ ಕೆ.ಜಿ.ಎಫ್. ತಾಲ್ಲೂಕಿನಲ್ಲಿರುವ ಕ್ಯಾಸಂಬಳ್ಳಿಯಲ್ಲಿ 1902ನೆಯ ಇಸವಿ ಮೇ 4ರಂದು ಅವರು ಜನಿಸಿದರು. ಇದು ಬೇತಮಂಗಲದ ಸೀಮೆ. ಪಾಲಾರ್ ನದಿಯ ನೀರನ್ನೇ ನಂಬಿದ ನೆಲ. ಬೇತಮಂಗಲಕ್ಕೆ ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂಬ ಹೆಸರಿದೆ. ಬಾಣ ಅರಸನ ಹೆಸರನ್ನು ಹೊತ್ತ ಈ ಊರಿನ ಕೆರೆಯನ್ನು ನೊಳಂಬರ ಕಾಲದಲ್ಲಿ ದುರಸ್ತಿ ಮಾಡಿಸಿದ ಸಂಗತಿಯೂ ಶಾಸನದಿಂದಲೇ ತಿಳಿದುಬರುತ್ತದೆ. ಕೋಲಾರವು ಕುವಳಾಲಪುರವೆಂದು ಗಂಗರ ಬಿರುದಿನಲ್ಲಿ ಸೇರಿಹೋದ ಸ್ಥಳ. ಗಂಗರಾಜ್ಯದ ಸ್ಥಾಪನೆಯೊಡನೆ ಸಿಂಹನಂದಿ ಆಚಾರ್ಯರ ಹೆಸರನ್ನು ಪರಂಪರೆ ಜೋಡಿಸುವುದನ್ನು ಈ ಪತ್ರಿಕೆಯ ಓದುಗರು ಬಲ್ಲರು. ಅರಸು ಮನೆತನಗಳು ಅಳಿದರೂ ಕೆರೆ ಉಳಿಯಿತು. ಬೆಂಗಳೂರು-ಜೋಲಾರಪೇಟೆ ರೈಲು ಮಾರ್ಗ ಬಂದ ಮೇಲೆ ತಾಲ್ಲೂಕಿನ ಕಚೇರಿ ಬೇತಮಂಗಲದಿಂದ ಬೌರಿಂಗ್‌ಪೇಟೆಗೆ, ಎಂದರೆ ಇಂದಿನ ಬಂಗಾರಪೇಟೆಗೆ ಹೋಯಿತು. ಚಿನ್ನದ ಗಣಿಗಳು ಬೆಳೆದ ಮೇಲೆ ಬೇತಮಂಗಲದ ಕೆರೆಯ ನೀರು ಕೊಳವೆಗಳ ಮೂಲಕ ಗಣಿಯ ಊರಿಗೆ ಹರಿಯತೊಡಗಿತು. 1892ರಲ್ಲಿ ಮದ್ರಾಸು ಮತ್ತು ಮೈಸೂರು ಸರ್ಕಾರಗಳು ಮಾಡಿಕೊಂಡ ನದಿನೀರಿನ ಒಪ್ಪಂದದ ಪಟ್ಟಿಯಲ್ಲಿ ಪಾಲಾರ್ ಕೂಡ ಸೇರಿದ್ದರಿಂದ ಈ ಸೀಮೆಯವರು ಹೊಸ ಕೆರೆಯೊಂದನ್ನು ಬಯಸಿದರೂ ಕೆಳಗಿನ ಸೀಮೆಯ ಸಮ್ಮತಿಯ ಮಾತು ಬರುತ್ತಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ, ರೆಡ್ಡಿಯವರು ಹುಟ್ಟಿದ ವರ್ಷದಲ್ಲಿಯೇ, ಗಣಿಗಳನ್ನು ತಲಪಿತು. ಬೆಳಕು ಗಣಿಗೆ ಬಂದಿತು, ಸುತ್ತಲಿನ ಹಳ್ಳಿಗಳು ಬಹುಕಾಲ ಎಣ್ಣೆಯ ದೀಪದಲ್ಲಿಯೇ ಉಳಿದವು. ಆಡಳಿತವೆಂಬುದು ಯಾರ ಮಾತು ಕೇಳುತ್ತದೆ ಎಂಬ ಪ್ರಶ್ನೆ ಇಂಥ ನೆಲದಲ್ಲಿ ಹುಟ್ಟುವುದು ಸಹಜ.

ಆ ಪ್ರಶ್ನೆಯನ್ನು ಕೇಳಲು ಆಗ ಇದ್ದ ವೇದಿಕೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆ. ದಿವಾನ್ ರಂಗಾಚಾರ್ಲು ಅವರು 1881ರ ದಸರೆಯ ಸಮಯದಲ್ಲಿ ಇದನ್ನು ಮೊದಲ ಬಾರಿ ಕೂಡಿಸಿದಾಗ ತಾಲ್ಲೂಕುಗಳಿಂದ ರೈತರನ್ನು ಕರೆದಂತೆಯೇ ಜಿಲ್ಲೆಗಳಿಂದ ವರ್ತಕರನ್ನೂ ಕರೆದಿದ್ದರು. ಮೊದಲ ಸಭೆಗೆ ಬಂದವರು 144 ಮಂದಿ. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಅಹವಾಲು ಹೇಳಿಕೊಳ್ಳುವ ಹಕ್ಕು ಮಾತ್ರವಿತ್ತು. ಕೆರೆ ಒಡೆದುದು, ರಸ್ತೆ ಕೆಟ್ಟುದು, ಕಂದಾಯದ ವಿನಾಯಿತಿ ದೊರೆಯದುದು, ಮುಜರಾಯಿ ದೇವಸ್ಥಾನದ ತಸ್ತೀಕು ನಿಂತುದು ಇತ್ಯಾದಿ ದೂರುಗಳಿಂದ ಅದರ ನಡವಳಿಕೆಗಳ ಸಂಪುಟಗಳು ತುಂಬಿವೆ. 1907ರಲ್ಲಿ ಶಾಸನ ಸಭೆ ಬಂದಿತು. 1923ರ ಸುಧಾರಣೆಯಲ್ಲಿ ಪ್ರತಿನಿಧಿ ಸಭೆಗೆ 250, ಶಾಸನ ಸಭೆಗೆ 50 ಸ್ಥಾನಗಳಾದವು. ಆದರೂ ಮತದಾನದ ಹಕ್ಕು ಆಸ್ತಿಯುಳ್ಳ ಕೆಲವರಿಗೆ ಮಾತ್ರ, ಮತ್ತು ಸಭೆಯ ತೀರ್ಮಾನಕ್ಕೆ ದಿವಾನರು ಬದ್ಧರಲ್ಲ. ಇತಿಹಾಸಕಾರರು ಈ ಸಂಪುಟಗಳನ್ನು ಶುಷ್ಕವೆಂದು ಬದಿಗಿಡುವುದುಂಟು. ಹಾಗೆ ಮಾಡುವುದು ಸರಿಯಲ್ಲ. ಒಂದು ಸೀಮೆಯ ನೂರು ವರ್ಷಗಳ ಹಿಂದಿನ ಕಷ್ಟವನ್ನು ಇಷ್ಟು ಬಿಡಿಬಿಡಿಯಾಗಿ, ತಾಲ್ಲೂಕಿನ ಹೆಸರು ಸಮೇತ ಬರೆದಿಟ್ಟ ದಾಖಲೆ ಬೇರೊಂದು ದೊರೆಯುವುದು ದುರ್ಲಭ.

ಕಾನೂನು ಪದವಿ ಪಡೆದ ರೆಡ್ಡಿಯವರು 1930ರಲ್ಲಿ ಎಚ್.ಬಿ. ಗುಂಡಪ್ಪಗೌಡರು ಮೊದಲಾದವರೊಡನೆ ಸೇರಿ ಪ್ರಜಾಪಕ್ಷವನ್ನು ಸ್ಥಾಪಿಸಿದರು. ರೈತರ ಅಹವಾಲುಗಳು ಮತ್ತು ಜವಾಬ್ದಾರಿ ಸರ್ಕಾರ, ಇವೆರಡು ಅದರ ಬೇಡಿಕೆಗಳು. ಇದಕ್ಕೆ ಮೊದಲೇ, 1917ರಿಂದ, ಪ್ರಜಾಮಿತ್ರ ಮಂಡಲಿ ಎಂಬ ಸಂಘಟನೆಯಿತ್ತು. ಎರಡೂ ಕೂಡಿ ಪ್ರಜಾಸಂಯುಕ್ತ ಪಕ್ಷವಾಯಿತು; ರೆಡ್ಡಿಯವರು ಅದರ ಅಧ್ಯಕ್ಷರಾದರು. 1937ರಲ್ಲಿ ಆ ಪಕ್ಷವನ್ನು ಮೈಸೂರು ಕಾಂಗ್ರೆಸ್ಸಿನಲ್ಲಿ ವಿಲೀನಗೊಳಿಸಲಾಯಿತು. ತಾವು ಅಧ್ಯಕ್ಷರಾಗಿದ್ದ ಸಂಸ್ಥೆಯ ನಾಮಫಲಕವನ್ನು ತಾವೇ ಇಳಿಸುವ ಕೆಲಸ ಸುಲಭವಲ್ಲವೆಂಬುದನ್ನು ಸಂಘಸಂಸ್ಥೆಗಳನ್ನು ನಡೆಸಿದವರೆಲ್ಲರೂ ಬಲ್ಲರು. ಮರುವರ್ಷ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳ 25ರಂದು ಆಗಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಗೋಲೀಬಾರು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತನಾಡಿದ ಮೇಲೆ ಮೈಸೂರು ಧ್ವಜದ ಜೊತೆಯಲ್ಲಿ ರಾಷ್ಟ್ರಧ್ವಜವನ್ನೂ ಹಾರಿಸಬಹುದೆಂದಾಯಿತು. ಧ್ವಜ ದೊರೆಯಿತು, ಸರ್ಕಾರ ದೊರೆಯಲಿಲ್ಲ. ಅದಕ್ಕೆ ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು.

1947ರ ಆ ಎರಡು ತಿಂಗಳುಗಳು ರೆಡ್ಡಿಯವರ ಜೀವನದ ಮುಖ್ಯ ಪುಟಗಳು. ಮಹಾರಾಜ ಜಯಚಾಮರಾಜ ಒಡೆಯರು ಆಗಸ್ಟ್ 9ರಂದು ಭಾರತದೊಡನೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ದೇಶ ಸ್ವತಂತ್ರವಾಯಿತು, ಮೈಸೂರಿನಲ್ಲಿ ಮಾತ್ರ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಆಡಳಿತ ಮುಂದುವರಿಯಿತು. ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ಆಗ ಮೈಸೂರು ಕಾಂಗ್ರೆಸ್ಸಿನ ಮುಂದಾಳಾಗಿದ್ದವರು ರೆಡ್ಡಿಯವರು. ಅವರೂ ಸೇರಿದಂತೆ ನಾಯಕರ ಬಂಧನವಾಯಿತು; ವಿದ್ಯಾರ್ಥಿಗಳು, ಕಾರ್ಮಿಕರು, ರೈತರು ಬೀದಿಗಿಳಿದರು. ಸೆಪ್ಟೆಂಬರ್ 13ರಂದು ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದನು. ಆ ಸ್ಥಳಕ್ಕೆ ಇಂದಿಗೂ ಅವನ ಹೆಸರೇ ಇದೆ.

ಅಕ್ಟೋಬರಿನಲ್ಲಿ ಒಪ್ಪಂದವಾಯಿತು. ಅದರ ಷರತ್ತುಗಳನ್ನು ಇಂದು ಓದಿದರೆ ಯುವಕರಿಗೆ ಅಸಮಾಧಾನವಾಗಬಹುದು. ಮಂತ್ರಿಮಂಡಲ ಬರುತ್ತದೆ, ಆದರೆ ಅದರಲ್ಲಿ ಕಾಂಗ್ರೆಸ್ಸಿಗೆ ಸೇರದವರಿಗೂ ಸ್ಥಾನವಿರುತ್ತದೆ. ಮುಖ್ಯಮಂತ್ರಿ ಇರುತ್ತಾರೆ, ಆದರೆ ದಿವಾನರೂ ಉಳಿಯುತ್ತಾರೆ. ರಾಜ್ಯಕ್ಕೆ ಸಂವಿಧಾನ ರಚಿಸಲು ಒಂದು ಸಭೆ ಏರ್ಪಡುತ್ತದೆ, ಆದರೆ ಅದು ಮಹಾರಾಜರ ಛತ್ರಚ್ಛಾಯೆಯ ಒಳಗೆ. ಜೈಲಿನಿಂದ ಹೊರಬಂದ ನಾಯಕ, ಬೀದಿಯಲ್ಲಿ ಜನಬೆಂಬಲ ತುಂಬಿ ನಿಂತಿರುವಾಗ, ಇಂಥ ಅರೆಬರೆ ಒಪ್ಪಂದಕ್ಕೆ ಏಕೆ ಒಪ್ಪಬೇಕಿತ್ತು? ಈ ಪ್ರಶ್ನೆಯನ್ನು ಆಗಲೂ ಕೆಲವರು ಕೇಳಿದರು. ಇದಕ್ಕೆ ಉತ್ತರವನ್ನು ದಾಖಲೆಗಳ ದಿನಾಂಕಗಳಲ್ಲಿಯೇ ಹುಡುಕಬೇಕು. ಸೆಪ್ಟೆಂಬರ್ 1ರಂದು ಆರಂಭವಾದ ಚಳವಳಿ ಅಕ್ಟೋಬರಿನ ಎರಡನೆಯ ವಾರಕ್ಕೆ ಮುಗಿಯಿತು. ಅಕ್ಟೋಬರ್ 25ರಂದು ಮಂತ್ರಿಮಂಡಲ ಪ್ರಮಾಣವಚನ ಸ್ವೀಕರಿಸಿತು. ಅದೇ ವೇಳೆಯಲ್ಲಿ ಪಂಜಾಬಿನಲ್ಲಿ ರಕ್ತದ ಹೊಳೆ ಹರಿಯುತ್ತಿತ್ತು, ನೆರೆಯ ಹೈದರಾಬಾದಿನಲ್ಲಿ ರಜಾಕಾರರ ಹಾವಳಿ ಹೆಚ್ಚುತ್ತಿತ್ತು. ಹೈದರಾಬಾದಿನ ಪ್ರಶ್ನೆ ಬಗೆಹರಿದದ್ದು ಇನ್ನೊಂದು ವರ್ಷದ ಮೇಲೆ, ಸೈನ್ಯದ ಮೂಲಕ. ಮೈಸೂರಿನ ಒಪ್ಪಂದ ಇನ್ನೊಂದು ತಿಂಗಳು ತಡವಾಗಿದ್ದರೆ ರಾಮಸ್ವಾಮಿಯ ಹೆಸರಿನ ಜೊತೆಗೆ ಇನ್ನೆಷ್ಟು ಹೆಸರುಗಳು ಸೇರುತ್ತಿದ್ದವೆಂದು ಹೇಳಬಲ್ಲವರಿಲ್ಲ. ಹಿಂಸೆಯನ್ನು ತಪ್ಪಿಸುವುದಕ್ಕಾಗಿ ತನ್ನ ಗೆಲುವಿನ ಅಂಶವನ್ನು ಕಡಿಮೆ ಮಾಡಿಕೊಂಡವನನ್ನು ದುರ್ಬಲನೆಂದು ಕರೆಯುವ ರೂಢಿ ರಾಜಕೀಯದಲ್ಲಿದೆ. ಆ ರೂಢಿಯನ್ನು ಈ ಪ್ರಕರಣದಲ್ಲಿ ಒಪ್ಪಲು ಕಾರಣ ಕಾಣುವುದಿಲ್ಲ. ದಿವಾನ್ ಪದವಿ 1949ರಲ್ಲಿ ತಾನಾಗಿಯೇ ಇಲ್ಲವಾಯಿತು. ಬಾಕಿ ಉಳಿದಿದ್ದ ಕಂತು ಎರಡು ವರ್ಷಗಳಲ್ಲಿ ವಸೂಲಾಯಿತೆಂದು ವ್ಯಾಪಾರಿ ಹೇಳಿಯಾನು.

ಆ ಸಂವಿಧಾನ ರಚನಾ ಸಭೆಯ ಗತಿಯೂ ಗಮನಾರ್ಹ. ಮೈಸೂರಿಗೆ ಸ್ವಂತ ಸಂವಿಧಾನವೊಂದನ್ನು ರಚಿಸುವುದಕ್ಕಾಗಿ ಅದು ಹುಟ್ಟಿತು. ಅತ್ತ ದೆಹಲಿಯ ಸಂವಿಧಾನ ಸಭೆಯಲ್ಲಿ ಮೈಸೂರಿಗೆ ಏಳು ಸ್ಥಾನಗಳಿದ್ದವು. ರೆಡ್ಡಿಯವರು, ಕೆಂಗಲ್ ಹನುಮಂತಯ್ಯನವರು, ಟಿ. ಸಿದ್ದಲಿಂಗಯ್ಯನವರು ಮೊದಲಾದವರು ಅಲ್ಲಿಯೂ ಸದಸ್ಯರು. 1949ರಲ್ಲಿ, ಸಂಸ್ಥಾನಗಳಿಗೆ ಪ್ರತ್ಯೇಕ ಸಂವಿಧಾನಗಳು ಬೇಡ, ಭಾರತದ ಸಂವಿಧಾನದಲ್ಲಿಯೇ ಅವುಗಳ ಆಡಳಿತಕ್ಕೂ ವ್ಯವಸ್ಥೆಯಿರಲಿ ಎಂಬ ತೀರ್ಮಾನವಾಯಿತು. ಮೈಸೂರು ಆ ಕಾಲದಲ್ಲಿ ಆಡಳಿತದ ಶ್ರೇಷ್ಠತೆಗೆ ಹೆಸರಾಗಿತ್ತು. ತನ್ನದೇ ಸಂವಿಧಾನ ಬೇಕೆಂದು ಹಟ ಹಿಡಿಯಲು ಅದಕ್ಕೆ ಬೇಕಾದಷ್ಟು ಅಭಿಮಾನವಿತ್ತು. ಹಟ ಹಿಡಿಯಲಿಲ್ಲ. ನವೆಂಬರ್ 25ರಂದು ಮಹಾರಾಜರು ಭಾರತದ ಸಂವಿಧಾನವನ್ನು ಸ್ವೀಕರಿಸಿ ಘೋಷಣೆ ಹೊರಡಿಸಿದರು. ಡಿಸೆಂಬರ್ 16ರಂದು ರಂಗಾಚಾರ್ಲು ಅವರ ಕಾಲದ ಪ್ರಜಾಪ್ರತಿನಿಧಿ ಸಭೆಯೂ ಶಾಸನ ಸಭೆಯೂ ವಿಸರ್ಜನೆಗೊಂಡವು. ರಚನಾ ಸಭೆಯೇ ಹಂಗಾಮಿ ವಿಧಾನಸಭೆಯಾಯಿತು. 1950ರ ಏಪ್ರಿಲ್ 1ರಿಂದ ಹಣಕಾಸಿನ ವಿಲೀನವೂ ಆಯಿತು. ಮೈಸೂರಿನ ರೈಲು ಮೊದಲಾದವು ಒಕ್ಕೂಟಕ್ಕೆ ಸೇರಿದವು. ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿಗಳ ರಾಜಧನ ಗೊತ್ತಾಯಿತು, ಅದು 1971ರವರೆಗೆ ನಡೆಯಿತು. ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂಬ ತರ್ಕ ಇಂದಿಗೂ ಮುಗಿದಿಲ್ಲ. ಹಂಚಿಹೋಗುವ ಆಸ್ತಿಗೆ ಹಿರಿಯ ಮಗ ಮೊದಲು ಸಹಿ ಹಾಕಿದರೆ ಮನೆಯವರೇ ಅವನನ್ನು ಆಕ್ಷೇಪಿಸುವಂತೆ, ಇದರ ಆಕ್ಷೇಪಣೆ ಬಹುಕಾಲ ಆ ಮಂತ್ರಿಮಂಡಲದ ಮೇಲಿತ್ತು.

ರೆಡ್ಡಿಯವರ ಸರ್ಕಾರದ ಸಾಧನೆಗಳೆಂದು ಪಟ್ಟಿ ಮಾಡುವಾಗ ಆರಂಭಶಿಲ್ಕನ್ನು ಮರೆಯಬಾರದು. ಜೋಗದ ವಿದ್ಯುದಾಗಾರ 1948ರ ಫೆಬ್ರವರಿಯಲ್ಲಿ ಆರಂಭವಾಯಿತು, ನಿಜ. ಆದರೆ ಅದರ ಕಾಮಗಾರಿ ತೊಡಗಿದ್ದು 1939ರಲ್ಲಿ. ಅದೇ 1948ರಲ್ಲಿ ಬೆಂಗಳೂರಿನಲ್ಲಿ ದೂರವಾಣಿ ಕಾರ್ಖಾನೆ ಸ್ಥಾಪನೆಯಾದುದಕ್ಕೆ ಕೇಂದ್ರ ಸರ್ಕಾರವೂ ಕಾರಣ. ರಾಜ್ಯದ ಕೈಗೆ ಬಂದ ಹೊಸ ಅಧಿಕಾರದ ಬಹುಭಾಗ ಆ ವರ್ಷಗಳಲ್ಲಿ ಆಹಾರಧಾನ್ಯದ ಹಂಚಿಕೆಯಂಥ ದಿನನಿತ್ಯದ ಚಿಂತೆಗಳಿಗೇ ವ್ಯಯವಾಯಿತು. ಅವರ ಕಾಲದ ಎದ್ದುಕಾಣುವ ಗುರುತೆಂದರೆ ವಿಧಾನಸೌಧದ ಅಡಿಗಲ್ಲು. 1951ರ ಜುಲೈ 13ರಂದು ಪಂಡಿತ ನೆಹರೂ ಅವರು ಅದನ್ನು ಇರಿಸಿದರು. ಆಗ ಯೋಚಿಸಿದ್ದ ಕಟ್ಟಡ ಸರಳವಾದದ್ದು. ಇಂದು ನಾವು ಕಾಣುವ ಭವ್ಯ ಸ್ವರೂಪ ಕೆಂಗಲ್ ಹನುಮಂತಯ್ಯನವರ ಸಂಕಲ್ಪ. ಜನರ ನೆನಪಿನಲ್ಲಿ ಆ ಸೌಧ ಹನುಮಂತಯ್ಯನವರದಾಗಿಯೇ ಉಳಿದಿದೆ, ಅದರಲ್ಲಿ ಅನ್ಯಾಯವೇನೂ ಇಲ್ಲ. ಬಸದಿಗೆ ಪಾಯ ಹಾಕಿದವರ ಹೆಸರು ಎಲ್ಲೋ ಒಂದು ಕಲ್ಲಿನಲ್ಲಿರುತ್ತದೆ, ಶಿಖರವನ್ನು ನೋಡಿದವರು ಶಿಖರ ಕಟ್ಟಿಸಿದವರನ್ನು ಕೇಳುತ್ತಾರೆ.

ಮೊದಲ ಸಾರ್ವತ್ರಿಕ ಚುನಾವಣೆಯ ನಂತರ, 1952ರ ಮಾರ್ಚ್ 30ರಂದು, ಅಧಿಕಾರ ಹನುಮಂತಯ್ಯನವರ ಕೈಗೆ ಹೋಯಿತು. ಎರಡು ಗುಂಪುಗಳ ನಡುವಣ ಪೈಪೋಟಿ ಅಂದಿನ ಪತ್ರಿಕೆಗಳ ಓದುಗರಿಗೆ ಗುಟ್ಟಾಗಿರಲಿಲ್ಲ. ಆದರೆ ರೆಡ್ಡಿಯವರು ಪಕ್ಷವನ್ನು ಒಡೆಯಲಿಲ್ಲ, ಹೊಸದೊಂದನ್ನು ಕಟ್ಟಲೂ ಇಲ್ಲ. ಪಕ್ಷಗಳನ್ನು ಕಟ್ಟುವ ವಿದ್ಯೆ 1930ರಿಂದಲೇ ಅವರಿಗೆ ಕರಗತವಾಗಿತ್ತು ಎಂಬುದನ್ನು ನೆನೆದರೆ ಈ ಸಂಯಮದ ಬೆಲೆ ತಿಳಿಯುತ್ತದೆ. ದೆಹಲಿಗೆ ಹೋದರು, ರಾಜ್ಯಸಭೆಯ ಸದಸ್ಯರಾಗಿ, ಕೇಂದ್ರದಲ್ಲಿ ಉತ್ಪಾದನಾ ಮಂತ್ರಿಯಾಗಿ ಕೆಲಸ ಮಾಡಿದರು. 1957ರಲ್ಲಿ ಕೋಲಾರದಿಂದ ಲೋಕಸಭೆಗೆ ಆಯ್ಕೆಯಾಗಿ, ಕಾಮಗಾರಿ, ವಸತಿ ಮತ್ತು ಸರಬರಾಜು ಖಾತೆಯನ್ನು ವಹಿಸಿದರು. 1960ರ ದಶಕದ ಮೊದಲ ವರ್ಷಗಳಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಖಾತೆ. ಈ ಅವಧಿಯನ್ನು ಕುರಿತು ಒಂದು ಎಚ್ಚರಿಕೆ ಅವಶ್ಯ. ಕೋಲಾರ ಚಿನ್ನದ ಗಣಿಗಳನ್ನು 1956ರಲ್ಲಿ ಜಾನ್ ಟೇಲರ್ ಕಂಪನಿಯ ವ್ಯವಸ್ಥಾಪನೆಯಿಂದ ಬಿಡಿಸಿ ರಾಷ್ಟ್ರೀಕರಿಸಿದಾಗ ಆ ಸೀಮೆಯವರೇ ಕೇಂದ್ರದಲ್ಲಿ ಮಂತ್ರಿಯಾಗಿದ್ದರೆಂದು, ಅದನ್ನು ಅವರ ಖಾತೆಗೆ ಜಮಾ ಮಾಡುವುದು ಸಲ್ಲದು. ಅದು ಮೈಸೂರು ರಾಜ್ಯದ ಶಾಸನ. ಗಣಿಗಳು 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಯಿತು, 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿದವು.

ಕಾಗದಗಳ ದೃಷ್ಟಿಯಿಂದ ಅತ್ಯಂತ ಕಠಿಣವಾದ ಪ್ರಕರಣ ಇನ್ನೂ ಮುಂದಿತ್ತು. 1965ರ ಫೆಬ್ರವರಿಯಲ್ಲಿ ರೆಡ್ಡಿಯವರು ಮಧ್ಯಪ್ರದೇಶದ ರಾಜ್ಯಪಾಲರಾದರು. 1967ರ ಜುಲೈನಲ್ಲಿ, ಆಯವ್ಯಯದ ಅಧಿವೇಶನ ನಡೆಯುತ್ತಿರುವಾಗಲೇ, ಗೋವಿಂದ ನಾರಾಯಣ ಸಿಂಗ್ ಅವರ ನೇತೃತ್ವದಲ್ಲಿ 36 ಮಂದಿ ಶಾಸಕರು ಆಳುವ ಕಾಂಗ್ರೆಸ್ಸನ್ನು ಬಿಟ್ಟರು. ಮುಖ್ಯಮಂತ್ರಿ ದ್ವಾರಕಾ ಪ್ರಸಾದ ಮಿಶ್ರರು ಅಧಿವೇಶನವನ್ನು ಮುಕ್ತಾಯಗೊಳಿಸಬೇಕೆಂದು ಸಲಹೆ ಮಾಡಿದರು. ರಾಜ್ಯಪಾಲರು ಆ ಸಲಹೆಯನ್ನು ಅಂಗೀಕರಿಸಿದರು. ದೇಶದಾದ್ಯಂತ ಗದ್ದಲವೆದ್ದಿತು.

ಜವಾಬ್ದಾರಿ ಸರ್ಕಾರಕ್ಕಾಗಿ ಜೈಲಿಗೆ ಹೋದ ವ್ಯಕ್ತಿ, ಬಹುಮತ ಕಳೆದುಕೊಂಡ ಮುಖ್ಯಮಂತ್ರಿಯ ಮಾತಿನಂತೆ ಶಾಸನಸಭೆಯ ಬಾಗಿಲು ಮುಚ್ಚಬಹುದೇ? ವಿರೋಧಿಗಳ ಈ ಪ್ರಶ್ನೆ ಹರಿತವಾದದ್ದು. ಮತ್ತೊಂದು ಕಡೆಯ ವಾದವೂ ಇದೆ. ಜವಾಬ್ದಾರಿ ಸರ್ಕಾರವೆಂದರೆ ಸಿಂಹಾಸನದಲ್ಲಿ ಅಥವಾ ರಾಜಭವನದಲ್ಲಿ ಕುಳಿತವರು ಮಂತ್ರಿಮಂಡಲದ ಸಲಹೆಯಂತೆ ನಡೆಯುವುದು ಎಂದಲ್ಲವೇ? 1947ರಲ್ಲಿ ಮೈಸೂರಿನ ಮಹಾರಾಜರಿಂದ ರೆಡ್ಡಿಯವರೇ ಕೇಳಿದ್ದು ಅದನ್ನೇ. ಈಗ ತಾವು ರಾಜ್ಯಪಾಲರಾದಾಗ, ಮುಖ್ಯಮಂತ್ರಿಯ ಬಹುಮತವನ್ನು ತಮ್ಮ ಕೋಣೆಯಲ್ಲಿ ಕುಳಿತು ತಾವೇ ಎಣಿಸಿ ಸಲಹೆಯನ್ನು ತಳ್ಳಿಹಾಕಿದ್ದರೆ, ಅದು ದಿವಾನರ ಕಾಲದ ಪದ್ಧತಿಗೆ ಹಿಂದಿರುಗಿದಂತೆ ಆಗುತ್ತಿರಲಿಲ್ಲವೇ? ಎರಡು ತತ್ತ್ವಗಳು ಒಂದಕ್ಕೊಂದು ಎದುರು ನಿಂತ ಸಂದರ್ಭವಿದು; ಒಂದನ್ನು ಪಾಲಿಸಿದರೆ ಇನ್ನೊಂದಕ್ಕೆ ಪೆಟ್ಟು. ಅನೇಕಾಂತದ ಪರಿಚಯವಿರುವವರಿಗೆ ಎರಡು ಪಕ್ಷಗಳಲ್ಲಿಯೂ ಸತ್ಯದ ಅಂಶವಿರುವುದು ಕಾಣದಿರದು. ಆದರೂ ತೀರ್ಪು ಹೇಳಬೇಕಾದಲ್ಲಿ ಹೇಳಬೇಕು. ಮಂತ್ರಿಮಂಡಲದ ಸಲಹೆಗೆ ಬೆಲೆ ಬರುವುದು ಅದು ಸಭೆಗೆ ಉತ್ತರ ಹೇಳುವವರೆಗೆ ಮಾತ್ರ. ಸಭೆಯನ್ನೇ ತಪ್ಪಿಸಿಕೊಳ್ಳಲು ಕೊಟ್ಟ ಸಲಹೆಗೆ ಅದೇ ಬೆಲೆ ಸಲ್ಲದು. 1967ರ ಆ ಸಹಿ ರೆಡ್ಡಿಯವರ ಕಡತದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿಯುತ್ತದೆ. ಕೆಲವೇ ದಿನಗಳಲ್ಲಿ ಸಭೆ ಮತ್ತೆ ಸೇರಿದಾಗ ಮಿಶ್ರರ ಸರ್ಕಾರ ನಿಲ್ಲಲಿಲ್ಲ. ಜುಲೈ 30ರಂದು ಗೋವಿಂದ ನಾರಾಯಣ ಸಿಂಗ್ ಅವರಿಗೆ ಪ್ರಮಾಣವಚನ ಬೋಧಿಸಿದವರೂ ರೆಡ್ಡಿಯವರೇ. ಪಕ್ಷಾಂತರಕ್ಕೆ ಕಡಿವಾಣ ಹಾಕುವ ಸಂವಿಧಾನ ತಿದ್ದುಪಡಿ ಬಂದದ್ದು 1985ರಲ್ಲಿ. ಬಹುಮತದ ಪರೀಕ್ಷೆ ನಡೆಯಬೇಕಾದುದು ರಾಜಭವನದಲ್ಲಲ್ಲ, ಸದನದಲ್ಲಿಯೇ ಎಂದು ಸರ್ವೋಚ್ಚ ನ್ಯಾಯಾಲಯ ಖಚಿತವಾಗಿ ಹೇಳಿದ್ದು 1994ರ ಮಾರ್ಚ್ 11ರಂದು, ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ. ರೆಡ್ಡಿಯವರಿಗೆ ಅಂಥ ಮಾರ್ಗದರ್ಶನ ಯಾವುದೂ ಇರಲಿಲ್ಲ.

1971ರ ಮಾರ್ಚ್‌ವರೆಗೆ ಅವರು ಆ ಪದವಿಯಲ್ಲಿದ್ದರು. 1976ರ ಫೆಬ್ರವರಿ 27ರಂದು ನಿಧನರಾದರು.

ಇಂಥ ಜೀವನಗಳ ಕಾಗದಪತ್ರಗಳು ಎಲ್ಲಿ ಹೋಗುತ್ತವೆ ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಅರ್ಧ ಮಾತ್ರ. ಕಚೇರಿಯ ಕಡತ ಸರ್ಕಾರದ್ದು. ಸದನದ ಮಾತು ಮುದ್ರಿತ ಸಂಪುಟದ್ದು. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು 25 ವರ್ಷ ಹಳೆಯದಾದ ಕೇಂದ್ರದ ದಾಖಲೆಯನ್ನು ಪರಿಶೀಲನೆಯಿಲ್ಲದೆ ನಾಶಮಾಡಬಾರದೆಂದು ವಿಧಿಸಿದೆ. ಆದರೆ ಮಂತ್ರಿಯ ಖಾಸಗಿ ಪತ್ರ, ದಿನಚರಿ, ಕರಡುಗಳು, ಊರಿನವರು ಬರೆದ ಅರ್ಜಿಗಳ ಕಟ್ಟು, ಇವು ಮನೆಯ ಸೊತ್ತು. ಅವು ಉಳಿಯುವುದೂ ಅಳಿಯುವುದೂ ಮನೆಯವರ ವಿವೇಕಕ್ಕೆ ಬಿಟ್ಟದ್ದು. 1947ರ ಅಕ್ಟೋಬರಿನ ಒಪ್ಪಂದದ ಷರತ್ತುಗಳನ್ನು ಸರ್ಕಾರಿ ಪ್ರತಿಯಲ್ಲಿ ಓದಬಹುದು; ಅದಕ್ಕೆ ಒಪ್ಪುವ ಹಿಂದಿನ ರಾತ್ರಿ ಯಾರು ಯಾರಿಗೆ ಏನು ಬರೆದರೆಂಬುದು ಇಂಥ ಮನೆಯ ಕಟ್ಟುಗಳಲ್ಲಿ ಮಾತ್ರ ದೊರೆತೀತು. ಪ್ರತಿನಿಧಿ ಸಭೆಗೆ ಜಿಲ್ಲೆಗಳಿಂದ ಹೋದ ವರ್ತಕರ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಅವರಲ್ಲಿ ಶ್ರಾವಕ ಕುಟುಂಬದವರಿದ್ದರೆ ಅವರ ಹೆಸರು ಸಂಪುಟದಲ್ಲಿ ಸಿಗುತ್ತದೆ, ಅವರು ಬರೆದುಕೊಂಡ ಟಿಪ್ಪಣಿ ಮೊಮ್ಮಕ್ಕಳ ಅಟ್ಟದಲ್ಲಿರುತ್ತದೆ. ಬಸದಿಗಳ ಟ್ರಸ್ಟುಗಳಲ್ಲಿ ಮುಜರಾಯಿ ಇಲಾಖೆಯೊಡನೆ ನಡೆದ ಹಳೆಯ ಪತ್ರವ್ಯವಹಾರ, ನಡವಳಿಕೆ ಪುಸ್ತಕ, ಜಮಾಖರ್ಚಿನ ಲೆಕ್ಕಗಳಿರುತ್ತವೆ. ಓಲೆಗರಿಯ ಗ್ರಂಥಗಳಿಗೆ ಶ್ರುತಪಂಚಮಿಯಂದು ಪೂಜೆ ಸಲ್ಲಿಸುವ ಸಮಾಜವು ತನ್ನ 1920ರ ಲೆಕ್ಕದ ಪುಸ್ತಕವನ್ನು ರದ್ದಿಗೆ ಹಾಕುವುದು ವಿಚಿತ್ರ. ರಾಜ್ಯ ಪತ್ರಾಗಾರ ಇಲಾಖೆಗೆ ಇಂಥವನ್ನು ಮೂಲವಾಗಿ ಕೊಡಲು ಮನಸ್ಸಿಲ್ಲದ ಟ್ರಸ್ಟುಗಳು ಕನಿಷ್ಠ ಛಾಯಾಪ್ರತಿಯನ್ನಾದರೂ ಮಾಡಿಸಿ ಎರಡು ಕಡೆ ಇಡುವುದು ಒಳಿತು. ಗೆದ್ದಲಿಗೆ ಮೂಲಪ್ರತಿ, ನಕಲು ಎಂಬ ಭೇದವಿಲ್ಲ.

ಬೇತಮಂಗಲದ ಹೆಸರಿನಲ್ಲಿದ್ದ ವಿಧಾನಸಭಾ ಕ್ಷೇತ್ರ 2008ರ ಕ್ಷೇತ್ರ ಪುನರ್ವಿಂಗಡಣೆಯೊಂದಿಗೆ ಇಲ್ಲವಾಯಿತು. ಆ ಹೆಸರನ್ನು ಇನ್ನು ಮುಂದೆ ಹಳೆಯ ಸದನ ನಡವಳಿಕೆಗಳಲ್ಲಿ ಮಾತ್ರ ಓದಬೇಕು. ಪ್ರಜಾಪ್ರತಿನಿಧಿ ಸಭೆಯ ಕಾಲದ ಮೈಸೂರು ಸರ್ಕಾರದ ಕಾಗದಪತ್ರಗಳಿಗೆ ಆಶ್ರಯವಾದ ರಾಜ್ಯ ಪತ್ರಾಗಾರ ದಶಕಗಳ ಕಾಲ ನೆಲೆಸಿದ್ದು ಬೆಂಗಳೂರಿನ ವಿಧಾನಸೌಧದಲ್ಲಿ, 1951ರಲ್ಲಿ ರೆಡ್ಡಿಯವರು ಮುಖ್ಯಮಂತ್ರಿಗಳಾಗಿದ್ದಾಗ ಅಡಿಗಲ್ಲು ಬಿದ್ದ ಅದೇ ಕಟ್ಟಡದಲ್ಲಿ.